‘ಕೆಮಿಕಲ್ ಇಲ್ಲದ ಬೆಲ್ಲ’ ಅಂತ ಕೊಡ್ತಾರಲ್ಲ, ನಿಜವಾ ಅಂತ ತಿಳಿಯೋದು ಹೇಗೆ?

ಪ್ರಶ್ನೆ ಕೇಳಿದವರು: ಹೂರಣದ ಲೆಕ್ಕ

ನಮ್ಮ ಅಪಾರ್ಟ್‌ಮೆಂಟಿನ 40 ಮನೆಯವರು ಸೇರಿ ತಿಂಗಳಿಗೆ ಸುಮಾರು 60 ಕೆ.ಜಿ. ಬೆಲ್ಲವನ್ನು ಒಟ್ಟಿಗೆ ತರಿಸುವ ಯೋಚನೆ ಇದೆ. ಮೂರು ಕಡೆಯಿಂದ ಸ್ಯಾಂಪಲ್ ಬಂದಿದೆ. ಒಂದು ಚಿನ್ನದ ಬಣ್ಣದ ಅಚ್ಚು ಬೆಲ್ಲ, ಕೆ.ಜಿ.ಗೆ 48 ರೂ. ಎರಡನೆಯದು ಕಾಫಿಪುಡಿ ಬಣ್ಣದ ಉಂಡೆ, ‘ಸಾವಯವ, ಕೆಮಿಕಲ್ ಇಲ್ಲ’ ಅಂತ ಚೀಟಿ, 95 ರೂ. ಮೂರನೆಯದು ಪುಡಿ ಬೆಲ್ಲ, ಪ್ಯಾಕೆಟ್ಟಿನ ಮೇಲೆ ಹಸಿರೆಲೆ ಚಿತ್ರ, 140 ರೂ.

ಕಪ್ಪಗಿದ್ದರೆ ಒಳ್ಳೆಯದು, ಹಳದಿ ಇದ್ದರೆ ವಿಷ ಅನ್ನೋದು ಗ್ರೂಪಿನಲ್ಲಿ ಎಲ್ಲರ ವಾದ. ಅದು ಅಷ್ಟು ಸರಳವಾ? ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಯಾವುದು, ಲ್ಯಾಬಿಗೇ ಕಳಿಸಬೇಕಾದ್ದು ಯಾವುದು? ಸಕ್ಕರೆ ಬೆರೆಸಿದ ಬೆಲ್ಲ ಕಂಡುಹಿಡಿಯಲು ಆಗುತ್ತಾ? ಇನ್ನೊಂದು, ಸಕ್ಕರೆ ಬಿಟ್ಟು ಬೆಲ್ಲಕ್ಕೆ ಬಂದರೆ ಆರೋಗ್ಯಕ್ಕೆ ನಿಜಕ್ಕೂ ಎಷ್ಟು ಲಾಭ? ಗೊತ್ತಿರುವವರು ಬಿಡಿಸಿ ಹೇಳಿ.

ಉತ್ತರ 1 ಕೊಟ್ಟವರು: ಕೊಪ್ಪರಿಗೆ

ಬಣ್ಣದ ವಿಷಯ ಮೊದಲು. ಬೆಲ್ಲದ ಬಣ್ಣ ಕಬ್ಬಿನ ತಳಿ, ಮಣ್ಣು, ಕಡಿದು ಎಷ್ಟು ಹೊತ್ತಾಯಿತು, ಮಡ್ಡಿ (ರಸದ ಕೊಳೆ) ಎಷ್ಟು ತೆಗೆದರು, ಪಾಕ ಎಷ್ಟು ಕಾಯಿತು ಇವೆಲ್ಲದರ ಮೇಲೆ ನಿಂತಿದೆ. ಚೆನ್ನಾಗಿ ಬಲಿತ ಕೋ 86032 ತಳಿಯ ಕಬ್ಬನ್ನು ಕಡಿದ ದಿನವೇ ಅರೆದು, ಮಡ್ಡಿ ಸರಿಯಾಗಿ ತೆಗೆದರೆ ಬಣ್ಣಕ್ಕೆ ಅಂತ ಏನೂ ಹಾಕದೆಯೂ ತಿಳಿ ಕಂದು, ಜೇನಿನ ಬಣ್ಣದ ಬೆಲ್ಲ ಬರುತ್ತೆ. ಮೂರು ದಿನ ಬಿಸಿಲಲ್ಲಿ ಬಿದ್ದ ಕಬ್ಬು ಅರೆದು, ತಳ ಹಿಡಿಸಿ, ಸೀದ ಪಾಕ ಹುಯ್ದರೆ ಕಪ್ಪು ಬೆಲ್ಲ ಬರುತ್ತೆ. ಈಗ ಆ ಸೀದ ಬೆಲ್ಲವೂ ‘ಸಾವಯವ’ ಅಂತ ಹೋಗ್ತಿದೆ. ಆದ್ದರಿಂದ ಕಪ್ಪು ಬಣ್ಣ ಯಾವುದಕ್ಕೂ ಸಾಕ್ಷಿ ಅಲ್ಲ. ಆದರೆ ಒಂದು ಮಾತು ನಿಜ: ನಿಂಬೆಹಣ್ಣಿನಂಥ ಹಳದಿ, ಬೆಳ್ಳಿ ಹೊಳಪಿನ ಹಳದಿ ಬರೀ ಕಬ್ಬಿನ ರಸದಿಂದ ಬರೋದಿಲ್ಲ.

ಕೆಲಸ ನಡೆಯೋ ರೀತಿ ತಿಳಿದರೆ ಎಲ್ಲಿ ಕೈಯಾಡಿಸ್ತಾರೆ ಅಂತ ಗೊತ್ತಾಗುತ್ತೆ. ಒಂದು ಟನ್ ಕಬ್ಬು ಗಾಣಕ್ಕೆ ಕೊಟ್ಟರೆ ಸುಮಾರು 600 ಲೀಟರ್ ರಸ, ಅದರಿಂದ 100 ರಿಂದ 115 ಕೆ.ಜಿ. ಬೆಲ್ಲ. ಸಾವಿರ ಲೀಟರಿನ ಕೊಪ್ಪರಿಗೆ ಒಂದು ಸಲ ಇಳಿಸೋಕೆ ಎರಡೂವರೆ ಮೂರು ಗಂಟೆ ಬೇಕು. ರಸ ಕಾದು 80–85 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ಮೇಲೆ ಕಪ್ಪು ಹಸಿರು ಮಡ್ಡಿ ಕಟ್ಟುತ್ತೆ. ಕುದಿ ಬರೋಕೆ ಮುಂಚೆ ಅದನ್ನು ಎತ್ತಿಬಿಡಬೇಕು, ಒಮ್ಮೆ ಕುದಿ ಹತ್ತಿದರೆ ಮಡ್ಡಿ ಒಡೆದು ರಸದೊಳಗೇ ಕರಗುತ್ತೆ, ಆಮೇಲೆ ಯಾವ ಜರಡಿಗೂ ಸಿಗೋದಿಲ್ಲ. ಹಳೇ ಪದ್ಧತಿಯಲ್ಲಿ ಬೆಂಡೆ ಗಿಡದ ಕಾಂಡ ಜಜ್ಜಿ ರಾತ್ರಿ ನೀರಲ್ಲಿ ನೆನೆಸಿ, ಬೆಳಗ್ಗೆ ಕಿವುಚಿ ಆ ಲೋಳೆಯನ್ನು ರಸಕ್ಕೆ ಹಾಕ್ತಾರೆ. ಲೋಳೆ ಬಲೆ ಬೀಸಿದ ಹಾಗೆ ಮಡ್ಡಿಯನ್ನು ಹಿಡಿದು ಮೇಲಕ್ಕೆ ತರುತ್ತೆ. ಜೊತೆಗೆ ಸ್ವಲ್ಪ ಸುಣ್ಣದ ತಿಳಿ. ಸುಣ್ಣ ಅಂದ ತಕ್ಷಣ ಹೆದರಬೇಡಿ, ಅದು ಬೇಕೇ ಬೇಕು. ರಸದ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 5.2–5.5ರ ಆಸುಪಾಸು ಇರುತ್ತೆ, ಅದನ್ನು 6.2–6.4ಕ್ಕೆ ತರದಿದ್ದರೆ ಸಕ್ಕರೆ ಅಂಶ ಒಡೆದು ಬೆಲ್ಲ ಗಟ್ಟಿಯಾಗೋದಿಲ್ಲ, ಮಳೆಗಾಲದಲ್ಲಿ ಬೆವರುತ್ತೆ. ಸುಣ್ಣ ಹೆಚ್ಚಾದರೆ ಬಣ್ಣ ಕಪ್ಪಾಗಿ ನಾಲಗೆಗೆ ಒಗರು.

ಈ ಮಡ್ಡಿ ತೆಗೆಯೋ ಕೆಲಸಕ್ಕೆ ಆಳು ಬೇಕು, ತಾಳ್ಮೆ ಬೇಕು. ಎರಡೂ ಇಲ್ಲದ ಕಡೆ ಗೊಬ್ಬರದ ಅಂಗಡಿಯ ಸೂಪರ್ ಫಾಸ್ಫೇಟ್, ಬಟ್ಟೆ ಸೋಡಾ ಬರುತ್ತೆ. ಕೊನೆಗೆ ಹೈಡ್ರೋಸ್. ಇದು ಸೋಡಿಯಂ ಹೈಡ್ರೋಸಲ್ಫೈಟ್, ಬಟ್ಟೆಗೆ ಬಣ್ಣ ಹಾಕೋ ಕಾರ್ಖಾನೆಯ ಪುಡಿ. ಪಾಕ ಹದಕ್ಕೆ ಹತ್ತಿರವಾದಾಗ ಒಂದು ಹಿಡಿ ಎರಚಿದರೆ ಕಂದು ಪಾಕ ಕಣ್ಣೆದುರೇ ಹಳದಿಗೆ ತಿರುಗುತ್ತೆ. ಮೊದಲೇ ಹಾಕಿದರೆ ಗಂಧಕದ ಅಂಶ ಕುದಿಯಲ್ಲಿ ಆವಿಯಾಗಿ ಒಂದಷ್ಟು ಹೋಗಿಬಿಡುತ್ತೆ, ಕೊನೇಲಿ ಹಾಕಿದ್ದು ಬೆಲ್ಲದಲ್ಲೇ ಉಳಿಯುತ್ತೆ. ಅಳತೆ ಅಂತೂ ಯಾರೂ ಮಾಡೋದಿಲ್ಲ.

ಇದರ ದೊಡ್ಡ ಗುರುತು ಒಂದಿದೆ: ಹೈಡ್ರೋಸ್ ಕೊಟ್ಟ ಬಣ್ಣ ನಿಲ್ಲೋದಿಲ್ಲ. ಅದು ಬಣ್ಣ ತೆಗೆದಿರೋದಲ್ಲ, ತಾತ್ಕಾಲಿಕವಾಗಿ ಅಡಗಿಸಿರೋದು. ಗಾಳಿ ತಾಗ್ತಾ ತಾಗ್ತಾ ಮತ್ತೆ ಕಂದಾಗುತ್ತೆ. ಆ 48 ರೂಪಾಯಿ ಅಚ್ಚನ್ನು ಎರಡು ಹೋಳು ಮಾಡಿ. ಒಂದು ಹೋಳನ್ನು ಗಾಳಿಯಾಡದ ಹಾಗೆ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿಡಿ, ಇನ್ನೊಂದನ್ನು ತಟ್ಟೆಯಲ್ಲಿ ಬಿಡಿ. ಮೂರು ನಾಲ್ಕು ವಾರ ಬಿಟ್ಟು ಪಕ್ಕ ಪಕ್ಕ ಇಟ್ಟು ನೋಡಿ. ಎಲ್ಲ ಬೆಲ್ಲವೂ ಸ್ವಲ್ಪ ಕಪ್ಪಾಗುತ್ತೆ, ಆದರೆ ಚಿನ್ನದ ಹಳದಿ ಹೋಗಿ ಮೇಲ್ಮೈ ಮಾತ್ರ ಕಂದು ಸಿಪ್ಪೆ ಕಟ್ಟಿದ ಹಾಗಾದರೆ ಕತೆ ಗೊತ್ತಾಯಿತು. ಲ್ಯಾಬಿನ ಸಾಕ್ಷಿ ಇದಲ್ಲ, ಅನುಮಾನಕ್ಕೆ ಸಾಕು.

ಹದ ನೋಡೋ ರೀತಿಯನ್ನೂ ಹೇಳಿಬಿಡ್ತೀನಿ, ಆಲೆಮನೆಗೆ ಹೋದರೆ ಗಮನಿಸಿ. ಪಾಕ 116–120 ಡಿಗ್ರಿಗೆ ಬಂದಾಗ ಒಂದು ಚಮಚ ತಣ್ಣೀರಿಗೆ ಬಿಡ್ತಾರೆ. ಬೆರಳಲ್ಲಿ ಉಂಡೆ ಆಗಬೇಕು, ಉಂಡೆ ಕಲ್ಲಿಗೆ ಹೊಡೆದರೆ ಟಣ್ ಅನ್ನಬೇಕು. ಅಚ್ಚು ಬೆಲ್ಲಕ್ಕೆ ಈ ಹದ, ಗಟ್ಟಿಯಾಗದ ಜೋನಿ ಬೆಲ್ಲಕ್ಕೆ 105–106 ಡಿಗ್ರಿಗೇ ಇಳಿಸ್ತಾರೆ. ನೊರೆ ಉಕ್ಕದಿರಲಿ ಅಂತ ಒಂದೆರಡು ಚಮಚ ಎಣ್ಣೆ ಹಾಕೋದು ಮೊದಲಿಂದ ಇದ್ದದ್ದೇ, ಅದನ್ನು ನೋಡಿ ಕಲಬೆರಕೆ ಅಂತ ವಿಡಿಯೋ ಹಾಕಬೇಡಿ!

ಉತ್ತರ 2: ಬೀಕರು

ಕೊಪ್ಪರಿಗೆಯವರು ಹೇಳಿದ್ದರ ಮುಂದುವರಿಕೆ. ಮನೆಯಲ್ಲಿ ಮಾಡಬಹುದಾದ್ದು ಇಷ್ಟೇ:

20 ಗ್ರಾಂ ಬೆಲ್ಲವನ್ನು ಒಂದು ಲೋಟ ಉಗುರುಬೆಚ್ಚಗಿನ ನೀರಲ್ಲಿ (200 ಮಿ.ಲೀ.) ಕರಗಿಸಿ ಒಂದು ಗಂಟೆ ಅಲ್ಲಾಡಿಸದೆ ಬಿಡಿ. ಗಾಜಿನ ಲೋಟವೇ ಇರಲಿ. ತಳದಲ್ಲಿ ಕಂದು ಕೆಸರಿನಂಥ ತೆಳು ಪದರ ಬಂದರೆ ಅದು ಕಬ್ಬಿನ ನಾರು, ಮಡ್ಡಿ, ಗಾಬರಿ ಬೇಡ. ಬೆಳ್ಳಗೆ ಹಿಟ್ಟಿನಂಥದ್ದು ಕೂತರೆ ನೀರು ಬಸಿದು, ಆ ಗಸಿಯ ಮೇಲೆ ಒಂದು ಚಮಚ ವಿನೆಗರ್ ಬಿಡಿ. ಬುಸ್ ಅಂತ ಗುಳ್ಳೆ ಎದ್ದರೆ ಸೀಮೆಸುಣ್ಣದ ಪುಡಿಯೋ ಬೇರೆ ಕಾರ್ಬೊನೇಟೋ ಇದೆ. ಗಸಿಯ ಮೇಲೆ ಬಿಡಬೇಕು, ಇಡೀ ಲೋಟಕ್ಕೆ ಸುರಿದರೆ ಗುಳ್ಳೆ ಕಾಣೋದೇ ಇಲ್ಲ, ಹೆಚ್ಚಿನವರು ತಪ್ಪುವುದು ಇಲ್ಲೇ. ಬಟ್ಟೆ ಸೋಡಾ ನೀರಲ್ಲಿ ಕರಗಿಬಿಡುತ್ತೆ, ಹಾಗಾಗಿ ಅದಕ್ಕೆ ಬೇರೆ ಸಣ್ಣ ಚೂರು ಬೆಲ್ಲದ ಪುಡಿಯ ಮೇಲೆ ನೇರವಾಗಿ ವಿನೆಗರ್ ಹಾಕಿ ನೋಡಬೇಕು.

ಮೆಟಾನಿಲ್ ಯೆಲ್ಲೋ ಅನ್ನೋ, ಆಹಾರಕ್ಕೆ ಹಾಕಬಾರದ ಕೃತಕ ಹಳದಿ ಬಣ್ಣಕ್ಕೆ ನಿಂಬೆರಸದ ಪರೀಕ್ಷೆ ಅಂತ ಓಡಾಡ್ತಿದೆ, ಅದನ್ನು ನಂಬಬೇಡಿ. ಆ ಬಣ್ಣ ಕೆನ್ನೇರಳೆಗೆ ತಿರುಗೋಕೆ ಪಿಎಚ್ 2ಕ್ಕಿಂತ ಕೆಳಗೆ ಹೋಗಬೇಕು, ನಿಂಬೆಗೆ ಅಷ್ಟು ಕಸುವಿಲ್ಲ. ಅದಕ್ಕೆ ಹೈಡ್ರೋಕ್ಲೋರಿಕ್ ಆಮ್ಲ ಬೇಕು, ಅದು ಅಡುಗೆಮನೆಗೆ ತರೋ ವಸ್ತುವಲ್ಲ. ಟಾಯ್ಲೆಟ್ ಕ್ಲೀನರ್ ಬಳಸೋಣ ಅಂತ ಯಾರಾದರೂ ಹೊರಟರೆ, ಅದರೊಳಗೇ ಬಣ್ಣ ಇರುತ್ತೆ, ಫಲಿತಾಂಶಕ್ಕೆ ಅರ್ಥವಿಲ್ಲ.

ಹೈಡ್ರೋಸ್ ಬಿಟ್ಟುಹೋಗೋ ಗಂಧಕದ ಅಂಶಕ್ಕೆ (ಸಲ್ಫರ್ ಡೈಆಕ್ಸೈಡ್, ಸಲ್ಫೈಟ್ ಅನ್ನೋದು ಇದನ್ನೇ) ಮನೆ ಪರೀಕ್ಷೆ ಇಲ್ಲ. ಬೆಲ್ಲದಲ್ಲಿ ಸಲ್ಫರ್ ಡೈಆಕ್ಸೈಡ್ ಕೆ.ಜಿ.ಗೆ 70 ಮಿಲಿಗ್ರಾಂ ಮೀರಬಾರದು ಅನ್ನೋದು ನಮ್ಮ ಆಹಾರ ಸುರಕ್ಷತಾ ನಿಯಮ. ಇದನ್ನು ಎಷ್ಟು ಹೆದರಿಕೆಯಿಂದ ನೋಡಬೇಕು ಅಂತ ಒಂದು ಲೆಕ್ಕ: ಸಲ್ಫೈಟಿಗೆ ದಿನದ ಸಹ್ಯ ಪ್ರಮಾಣ ದೇಹದ ತೂಕದ ಕೆ.ಜಿ.ಗೆ 0.7 ಮಿಲಿಗ್ರಾಂ. 15 ಕೆ.ಜಿ. ಮಗುವಿಗೆ 10.5 ಮಿ.ಗ್ರಾಂ. ಮಿತಿಯಲ್ಲೇ ಇರೋ ಬೆಲ್ಲ 30 ಗ್ರಾಂ ತಿಂದರೆ 2.1 ಮಿ.ಗ್ರಾಂ. ಅಂದರೆ ನಿಯಮ ಪಾಲಿಸಿದ ಹಳದಿ ಬೆಲ್ಲ ವಿಷ ಅನ್ನೋದು ಉತ್ಪ್ರೇಕ್ಷೆ. ಹಿಡಿ ಲೆಕ್ಕದಲ್ಲಿ ಎರಚಿ ಮಿತಿಯನ್ನು ಹಲವು ಪಟ್ಟು ದಾಟಿಸಿದಾಗ ಮಾತು ಬೇರೆ, ಆಸ್ತಮಾ ಇರೋರಿಗೆ ಮಿತಿಯೊಳಗಿನದ್ದೂ ತೊಂದರೆ ಕೊಡಬಹುದು.

ಈಗ ಸಕ್ಕರೆ. ಇಲ್ಲಿರೋ ಕಗ್ಗಂಟು ಜನರಿಗೆ ಅಷ್ಟಾಗಿ ಗೊತ್ತಿಲ್ಲ. ಬೆಲ್ಲ ಅಂದರೇ ಮುಕ್ಕಾಲು ಭಾಗ ಸುಕ್ರೋಸ್. ಸಕ್ಕರೆಯೂ ಅದೇ ಸುಕ್ರೋಸ್, ಅದೇ ಕಬ್ಬಿನದು. ಜೇನಿಗೆ ಕಬ್ಬು, ಜೋಳದ ಸಕ್ಕರೆ ಬೆರೆಸಿದರೆ ಇಂಗಾಲದ ಐಸೊಟೋಪ್ (ಯಾವ ಬಗೆಯ ಗಿಡದ್ದು ಅಂತ ತೋರಿಸೋ ಗುರುತು) ನೋಡಿ ಹಿಡಿಯಬಹುದು, ಇಲ್ಲಿ ಎರಡಕ್ಕೂ ತಾಯಿಬೇರು ಒಂದೇ ಆದ್ದರಿಂದ ಆ ದಾರಿಯೂ ಬಂದ್. ನಿಯಮ ಏನು ಹೇಳುತ್ತೆ ನೋಡಿ: ಒಟ್ಟು ಸಕ್ಕರೆ 90%ಕ್ಕಿಂತ ಕಡಿಮೆ ಇರಬಾರದು, ಸುಕ್ರೋಸ್ 60%ಕ್ಕಿಂತ ಕಡಿಮೆ ಇರಬಾರದು, ಬೂದಿ (ಸುಟ್ಟ ಮೇಲೆ ಉಳಿಯೋ ಖನಿಜ) 6% ಮೀರಬಾರದು, ತೇವ 10% ಮೀರಬಾರದು. ಸುಕ್ರೋಸಿಗೆ ಕೆಳಮಿತಿ ಇದೆ, ಮೇಲ್ಮಿತಿ ಇಲ್ಲ. ಬೂದಿಗೆ ಮೇಲ್ಮಿತಿ ಇದೆ, ಕೆಳಮಿತಿ ಇಲ್ಲ. ಅರ್ಧ ಸಕ್ಕರೆ ಸುರಿದು ಮಾಡಿದ ಬೆಲ್ಲ ಈ ಅಂಕಿಗಳಲ್ಲಿ ಅಪ್ಪಟ ಬೆಲ್ಲಕ್ಕಿಂತ ಚೆನ್ನಾಗಿ ಪಾಸಾಗುತ್ತೆ! ‘ನಮ್ಮ ಹತ್ತಿರ ಲ್ಯಾಬ್ ರಿಪೋರ್ಟ್ ಇದೆ’ ಅಂತ ಮಾರಾಟಗಾರ ತೋರಿಸಿದಾಗ ಇದು ನೆನಪಿರಲಿ.

ಆದರೆ ಕಾನೂನಿನಲ್ಲಿ ಬೆಲ್ಲ ಅಂದರೆ ಕಬ್ಬಿನ ರಸ ಅಥವಾ ತಾಳೆ, ಈಚಲು, ತೆಂಗಿನ ರಸ ಕಾಯಿಸಿ ಮಾಡಿದ್ದು. ಸಕ್ಕರೆ ಸುರಿದದ್ದು ಆ ಹೆಸರಿಗೇ ಅರ್ಹವಲ್ಲ. ರಿಪೋರ್ಟಿನಲ್ಲಿ ಹಿಡಿಯೋಕೆ ಬೂದಿಯ ಸಾಲು ನೋಡಿ. ಕಬ್ಬಿನ ರಸದ ಖನಿಜವೆಲ್ಲ ಬೆಲ್ಲದಲ್ಲೇ ಉಳಿಯೋದರಿಂದ ಬೂದಿ ಸಾಮಾನ್ಯವಾಗಿ 1ರಿಂದ 3% ಇರುತ್ತೆ, ಸಕ್ಕರೆಯಲ್ಲಿ 0.1%ಕ್ಕೂ ಕಡಿಮೆ. ಬೂದಿ ತೀರಾ ಕಡಿಮೆ, ಸುಕ್ರೋಸ್ ತೀರಾ ಹೆಚ್ಚು, ರೆಡ್ಯೂಸಿಂಗ್ ಶುಗರ್ (ಸುಕ್ರೋಸ್ ಒಡೆದು ಬರೋ ಗ್ಲೂಕೋಸ್, ಫ್ರಕ್ಟೋಸ್) ಬಹಳ ಕಡಿಮೆ, ಈ ಮೂರೂ ಒಟ್ಟಿಗೆ ಬಂದರೆ ಅನುಮಾನ ಪಡಬೇಕು. ಒಂದೇ ಅಂಕಿ ನೋಡಿ ತೀರ್ಪು ಕೊಡಬೇಡಿ, ಸೋಡಾ ಹಾಕಿದರೆ ಬೂದಿ ಏರುತ್ತೆ.

ಪುಡಿ ಬೆಲ್ಲವಾದರೆ ಒಂದು ಸಣ್ಣ ಉಪಾಯ ಇದೆ. ಕಪ್ಪು ಕಾಗದದ ಮೇಲೆ ಒಂದು ಚಿಟಿಕೆ ಹರಡಿ ಭೂತಗನ್ನಡಿಯಲ್ಲಿ ನೋಡಿ. ಬೆಲ್ಲದ ಪುಡಿ ಮಣ್ಣಿನ ಹೆಂಟೆಯ ಹಾಗೆ ಅಡ್ಡಾದಿಡ್ಡಿ, ಮಂಕು. ನಡುವೆ ಚಪ್ಪಟೆ ಮುಖ, ಚೂಪು ಮೂಲೆಯ ಮಿನುಗೋ ಹರಳು ಹರಳು ಕಂಡರೆ ಅದು ಸಕ್ಕರೆ. ಕರಗಿಸಿ ಬೆರೆಸಿದ್ದಾದರೆ ಇದರಲ್ಲಿ ಸಿಗೋದಿಲ್ಲ.

ಉತ್ತರ 3: ಪೆಂಟಿ ವ್ಯಾಪಾರಿ

ನಾನು ಮಹಾಲಿಂಗಪುರ ಕಡೆಯವ, ಪ್ಯಾಟಿ ಲೆಕ್ಕ ಹೇಳ್ತೀನಿ ಕೇಳ್ರಿ. ರೊಕ್ಕದ ಲೆಕ್ಕ ಹಾಕಿದ್ರ ಅರ್ಧ ಪರೀಕ್ಷೆ ಅಲ್ಲೇ ಮುಗೀತದ. 2025–26ಕ್ಕ ಕೇಂದ್ರ ಸರ್ಕಾರ ಕಬ್ಬಿಗೆ ಇಟ್ಟ ಕನಿಷ್ಠ ದರ ಅಂದ್ರ ಎಫ್‌ಆರ್‌ಪಿ 10.25% ಸಕ್ಕರಿ ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿ, ಟನ್ನಿಗೆ 3,550. ಫ್ಯಾಕ್ಟರಿಗೆ ಹಾಕಿದ್ರ ರೈತನಿಗೆ ಅಷ್ಟರ ಹತ್ರ ಸಿಗ್ತದ ಅಂದ್ರ ಗಾಣದವ ಅದಕ್ಕಿಂತ ಕಡಿಮಿಗೆ ಕಬ್ಬು ತರೂದು ಕಷ್ಟ. ಟನ್ನಿಗೆ 105 ಕೆ.ಜಿ. ಬೆಲ್ಲ ಹಿಡೀರಿ, ಕಬ್ಬಿನ ಖರ್ಚೇ ಕೆ.ಜಿ.ಗೆ 34 ರೂಪಾಯಿ ಆತು. ಮ್ಯಾಲ ಗಾಣದ ಕೂಲಿ, ಕರೆಂಟು, ಅಚ್ಚು ಹಾಕೂದು, ಗಾಡಿ ಬಾಡಿಗಿ, ದಲ್ಲಾಳಿ, ತೂಕದಾಗಿನ ಒಣಗು, ಅಂಗಡಿಯವನ ಲಾಭ. ನಿಮ್ಮ ಮನಿ ಬಾಗಿಲಿಗೆ 48 ರೂಪಾಯಿಗೆ ಚಿನ್ನದಂಥಾ ಅಚ್ಚು ಬಂದದ ಅಂದ್ರ ಎಲ್ಲೋ ಒಂದ ಕಡೆ ಲೆಕ್ಕ ತಪ್ಯದ. ಸಕ್ಕರಿ ಅಗ್ಗ ಆದಾಗ ಅದನ್ನ ಚೀಲಗಟ್ಟಲೆ ಕೊಪ್ಪರಿಗಿಗೆ ಸುರಿಯೂದು ಯಾಕಂದ್ರ ಕಬ್ಬು ಕಡೀಬೇಕಿಲ್ಲ, ಅರೀಬೇಕಿಲ್ಲ, ಚೀಲ ಹಾಕಿದಷ್ಟೂ ಬೆಲ್ಲ. ಹಳೇ ಕರಗಿದ ಬೆಲ್ಲ, ಹುಳಿ ಬಂದದ್ದು ಕಡಿಮಿ ರೇಟಿಗೆ ತಗೊಂಡು ಸಕ್ಕರಿ ಕೂಡ ಮತ್ತ ಕಾಸ್ತಾರ. ಅದಕ್ಕ ರಸ ಇಲ್ಲ ಅಂದಮ್ಯಾಲ ಕಬ್ಬಿನ ಸಿಪ್ಪಿನೂ ಇಲ್ಲ, ಒಲಿಗೆ ಟೈರು, ರಬ್ಬರು ಹಾಕ್ತಾರ. ಗಾಣ ನಿಂತು ಹೊಗಿ ಮಾತ್ರ ಕಪ್ಪಗ ಏಳ್ತಿದ್ರ ಆ ಆಲೆಮನಿ ದಾಟಿ ಮುಂದ ಹೋಗ್ರಿ.

ಹಂಗಂತ 95, 140 ರೂಪಾಯಿ ಕೊಟ್ರ ಖರೇ ಬೆಲ್ಲ ಅಂತನೂ ಅಲ್ರಿ. ‘ಸಾವಯವ’ ಅನ್ನೂದು ಹೊಲಕ್ಕ ಸಂಬಂಧಪಟ್ಟ ಮಾತು, ‘ಕೆಮಿಕಲ್ ಇಲ್ಲ’ ಅನ್ನೂದು ಕೊಪ್ಪರಿಗಿಗೆ ಸಂಬಂಧಪಟ್ಟ ಮಾತು. ಯೂರಿಯಾ ಹಾಕಿ ಬೆಳೆದ ಕಬ್ಬಿನಿಂದ ಹೈಡ್ರೋಸ್ ಇಲ್ಲದ ಛಲೋ ಬೆಲ್ಲ ಮಾಡಬಹುದು. ಸಾವಯವ ಅಂತ ಮಾರವ್ರು ಸರ್ಕಾರ ಒಪ್ಪಿದ ಸಾವಯವ ಗುರುತು, ಸರ್ಟಿಫಿಕೇಟಿನ ನಂಬರು ತೋರಿಸಬೇಕು. ಹಸಿರೆಲೆ ಚಿತ್ರ ಯಾರ್ ಬೇಕಾದ್ರೂ ಹಾಕ್ಕೋತಾರ. ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರು ಪರವಾನಗಿ ಅಷ್ಟೇ, ಗುಣಮಟ್ಟದ ಮುದ್ರಿ ಅಲ್ಲ.

ಪೆಂಟಿ ಒಡೆದು ನೋಡ್ರಿ. ಕಬ್ಬಿನ ಬೆಲ್ಲ ಒಡೆದಲ್ಲಿ ಮರಳು ಮರಳು, ಸಣ್ಣ ಸಣ್ಣ ಕಣ್ಣು, ಒಂದೊಂದು ಕಡೆ ನಾರಿನ ಎಳಿ. ಸಕ್ಕರಿ ಹೆಚ್ಚಿದ್ರ ಕಲ್ಲಿನಂಗ ಗಟ್ಟಿ, ಒಡೆದ ಮುಖ ಮಿರಿಮಿರಿ. ಬಾಯಿಗೆ ಹಾಕಿದ್ರ ಸಪ್ಪನ ಸಿಹಿ, ಹಿಂದ ಬರೋ ಕಬ್ಬಿನ ರುಚಿ ಇರೂದಿಲ್ಲ. ಉಪ್ಪು ಹತ್ತಿತು ಅಂತ ತಕ್ಷಣ ಕಲಬೆರಕಿ ಅನಬ್ಯಾಡ್ರಿ, ಸವಳು ಹೊಲದ ಕಬ್ಬಿನ ಬೆಲ್ಲ ಹಂಗ ಇರ್ತದ.

ಉತ್ತರ 4: ತೂಕದ ತಟ್ಟೆ

ಆರೋಗ್ಯದ ಭಾಗಕ್ಕೆ ಯಾರೂ ಬಂದಿಲ್ಲ, ಚಿಕ್ಕದಾಗಿ ಹೇಳ್ತೀನಿ. ಬೆಲ್ಲ 100 ಗ್ರಾಂಗೆ ಸುಮಾರು 350 ಕ್ಯಾಲೊರಿ, ಸಕ್ಕರೆ 400ರ ಆಸುಪಾಸು. ವ್ಯತ್ಯಾಸದ ದೊಡ್ಡ ಪಾಲು ಬೆಲ್ಲದಲ್ಲಿರೋ ನೀರು. ಕಬ್ಬಿಣದ ಅಂಶ 100 ಗ್ರಾಂಗೆ 5 ಮಿ.ಗ್ರಾಂ ಹತ್ತಿರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಲೆಕ್ಕದ ಪ್ರಕಾರ ಹೆಣ್ಣುಮಕ್ಕಳಿಗೆ ದಿನಕ್ಕೆ 29 ಮಿ.ಗ್ರಾಂ ಬೇಕು. ದಿನಕ್ಕೆ 20 ಗ್ರಾಂ ಬೆಲ್ಲ ತಿಂದರೆ ಬರೋದು 1 ಮಿ.ಗ್ರಾಂ. ರಕ್ತಹೀನತೆಗೆ ಬೆಲ್ಲ ಮದ್ದು ಅನ್ನೋ ಪ್ಯಾಕೆಟ್ಟಿನ ಬರಹವನ್ನು ಈ ಲೆಕ್ಕ ಇಟ್ಟುಕೊಂಡು ಓದಿ. ಅದೇ ಕಬ್ಬಿಣಕ್ಕೆ ಮುದ್ದೆಗೆ ಹೋಗೋ 100 ಗ್ರಾಂ ರಾಗಿ ಹಿಟ್ಟು ನಾಲ್ಕೂವರೆ ಮಿ.ಗ್ರಾಂ ಕೊಡುತ್ತೆ, ಜೊತೆಗೆ ನಾರು, ಸುಣ್ಣಾಂಶ.

ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ 2024ರ ಮಾರ್ಗಸೂಚಿಯಂತೆ ಮೇಲಿಂದ ಸೇರಿಸೋ ಸಕ್ಕರೆ ದಿನಕ್ಕೆ 25 ಗ್ರಾಂ ಆಸುಪಾಸಿನಲ್ಲೇ ಇರಬೇಕು. ಬೆಲ್ಲವೂ ಆ ಲೆಕ್ಕದೊಳಗೇ. ಕಾಲು ಕೆ.ಜಿ. ಕಡಲೆಬೇಳೆಗೆ ಕಾಲು ಕೆ.ಜಿ. ಬೆಲ್ಲ ಹಾಕಿ ಹನ್ನೆರಡು ಹೋಳಿಗೆ ತಟ್ಟಿದರೆ ಒಂದೊಂದರಲ್ಲಿ ಸುಮಾರು 21 ಗ್ರಾಂ ಬೆಲ್ಲ. ಸಕ್ಕರೆ ಕಾಯಿಲೆ ಇರೋರು ‘ಬೆಲ್ಲ ಪರವಾಗಿಲ್ಲ’ ಅನ್ನೋದು ಶುದ್ಧ ತಪ್ಪು. ರುಚಿಗೆ ತಿನ್ನಿ, ಸಂತೋಷವಾಗಿ ತಿನ್ನಿ, ಔಷಧಿ ಅಂತ ತಿನ್ನಬೇಡಿ.

ಹೂರಣದ ಲೆಕ್ಕ (ಮರುಪ್ರಶ್ನೆ)

ಎಲ್ಲರಿಗೂ ಧನ್ಯವಾದ. ಪೆಂಟಿ ವ್ಯಾಪಾರಿಯವರ ಲೆಕ್ಕ ನೋಡಿ 48 ರೂಪಾಯಿಯದನ್ನು ಪಟ್ಟಿಯಿಂದ ತೆಗೆದೆವು. ಬೀಕರು ಅವರೇ, 95ರ ಉಂಡೆ ಬೆಲ್ಲಕ್ಕೆ ಲ್ಯಾಬಿಗೆ ಏನೇನು ಬರೆದುಕೊಡಬೇಕು? ಮತ್ತೆ, ಈ ಬೆಲ್ಲ ಹಾಕಿದರೆ ಪಾಯಸದ ಹಾಲು ಒಡೀತಿದೆ, ಅದು ಕಲಬೆರಕೆಯ ಗುರುತಾ?

ಬೀಕರು

ಆರು ಸಾಲು ಬರೆಯಿರಿ: ತೇವಾಂಶ, ಸುಕ್ರೋಸ್, ರೆಡ್ಯೂಸಿಂಗ್ ಶುಗರ್, ಒಟ್ಟು ಬೂದಿ, ಸಲ್ಫರ್ ಡೈಆಕ್ಸೈಡ್, ಕೃತಕ ಬಣ್ಣ. ಎನ್‌ಎಬಿಎಲ್ (ಲ್ಯಾಬುಗಳನ್ನು ಪರಿಶೀಲಿಸೋ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರೋ ಲ್ಯಾಬ್ ಆಗಲಿ, ಮತ್ತು ಈ ಪರೀಕ್ಷೆಗಳು ಅವರ ಮಾನ್ಯತೆಯ ವ್ಯಾಪ್ತಿಯಲ್ಲಿವೆಯಾ ಅಂತ ಮೊದಲೇ ಕೇಳಿ. ಮಾರಾಟಗಾರ ಕೊಟ್ಟ ಸ್ಯಾಂಪಲ್ ಕಳಿಸಬೇಡಿ, ಅದು ಯಾವಾಗಲೂ ಚೆನ್ನಾಗೇ ಇರುತ್ತೆ. ಮೊದಲ ಲೋಡು ಬಂದ ದಿನ ಐದಾರು ಬೇರೆ ಬೇರೆ ಉಂಡೆಯ ಒಳಭಾಗದಿಂದ ಕೆತ್ತಿ, ಒಟ್ಟು 600 ಗ್ರಾಂ ಪುಡಿ ಮಾಡಿ ಬೆರೆಸಿ, ಮೂರು ಗಾಳಿಯಾಡದ ಡಬ್ಬಿಗೆ ಹಂಚಿ. ಒಂದು ಲ್ಯಾಬಿಗೆ, ಒಂದು ಮಾರಾಟಗಾರನಿಗೆ, ಒಂದು ನಿಮ್ಮಲ್ಲಿ. ತಡ ಮಾಡಿದರೆ ಗಂಧಕದ ಅಂಶ ಇಳಿದು ರಿಪೋರ್ಟ್ ಸುಳ್ಳಾಗಿ ಚೆನ್ನಾಗಿ ಕಾಣುತ್ತೆ, ಆದ್ದರಿಂದ ಎರಡು ಮೂರು ದಿನದೊಳಗೆ ಮುಟ್ಟಿಸಿ. ಸರ್ಕಾರದ ದಾರಿಯೇ ಬೇಕಾದರೆ 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಸೆಕ್ಷನ್ ಇದೆ. ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಿ, ಶುಲ್ಕ ಕಟ್ಟಿ, ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ತಪ್ಪು ಸಿಕ್ಕರೆ ಶುಲ್ಕ ವಾಪಸ್.

ಹಾಲು ಒಡೆಯೋದು ಕಲಬೆರಕೆ ಅಲ್ಲ. ಬೆಲ್ಲ ಸ್ವಲ್ಪ ಹುಳಿ, ಅದರ ಖನಿಜಗಳೂ ಕಾದ ಹಾಲನ್ನು ಒಡೆಸುತ್ತವೆ. ಸುಣ್ಣ, ಸೋಡಾ ಧಾರಾಳ ಬಿದ್ದ ಬೆಲ್ಲದಲ್ಲಿ ಹಾಲು ಒಡೆಯೋದು ಕಡಿಮೆ, ಅದನ್ನೇ ಜನ ಶುದ್ಧ ಅಂದುಕೊಳ್ತಾರೆ! ಬೆಲ್ಲವನ್ನು ಬೇರೆ ಕರಗಿಸಿ ಸೋಸಿ ಆರಿಸಿ, ಪಾಯಸ ಒಲೆಯಿಂದ ಇಳಿಸಿ ಬೆರಳು ತಾಳೋ ಬಿಸಿಗೆ ಬಂದಮೇಲೆ ಹಾಕಿ. ಆಮೇಲೆ ಮತ್ತೆ ಕುದಿಸಬೇಡಿ.

ಕೊಪ್ಪರಿಗೆ

ಒಂದು ಬಿಟ್ಟುಹೋಗಿತ್ತು. 95ರದ್ದು ಮಳೆಗಾಲದಲ್ಲಿ ಬೆವರಿದರೆ ವಾಪಸ್ ಕೊಡಬೇಡಿ. ಒಳ್ಳೆಯ ಬೆಲ್ಲವೂ ಗಾಳಿಯ ತೇವ ಎಳೆಯುತ್ತೆ. 60 ಕೆ.ಜಿ.ಯನ್ನು ಒಂದೇ ಗೋಣಿಯಲ್ಲಿಡದೆ ಬಂದ ದಿನವೇ ಮನೆಮನೆಗೆ ಹಂಚಿ, ಒಣಗಿದ ಸ್ಟೀಲ್ ಡಬ್ಬಿಯಲ್ಲಿ ಬಿಗಿ ಮುಚ್ಚಳ ಹಾಕಿ ಇಡಲು ಹೇಳಿ. ಒದ್ದೆ ಚಮಚ ಹಾಕಬಾರದು. ಮೆತ್ತಗಾದರೆ ತಿನ್ನಬಹುದು, ಹೆಂಡದ ವಾಸನೆ ಬಂದರೆ ಅಥವಾ ಹಸಿರು ಬೂಸ್ಟು ಕಂಡರೆ ಕೆರೆದು ಉಳಿಸೋ ಆಸೆ ಬೇಡ, ಎಸೆಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 60ರ ಬದಲು 40 ಕೆ.ಜಿ. ತರಿಸಿದರೆ ಸಾಕು.